ಸಪ್ಪೆ ಮೆಣಸಿನಕಾಯಿ

ಯಾರಾದರೂ ದೆವ್ವ, ಶಕುನ, ಕನಸಿನಲ್ಲಿ ಬಂದ ಅಜ್ಜಿ ಎಂದು ಮಾತು ತೆಗೆದರೆ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: "ಅವತ್ತು ಏನು ತಿಂದಿದ್ರಿ?" ಮುಕ್ಕಾಲು ಅದ್ಭುತಗಳಿಗೆ ಅಜೀರ್ಣವೇ ಕಾರಣ ಎಂದು ನಂಬಿದ್ದೆ. ಈಗಲೂ ಹೆಚ್ಚುಕಡಿಮೆ ಹಾಗೇ ನಂಬಿದ್ದೇನೆ. ಆದರೆ ಕತಾರಿನಲ್ಲಿದ್ದಾಗ ಒಂದು ಶುಕ್ರವಾರದ ಸಂಜೆ ಆ ಪ್ರಶ್ನೆ ನನ್ನ ಕಡೆಗೇ ತಿರುಗಿಬಂತು.

ತೊಂಬತ್ತರ ದಶಕದ ಮಾತು. ದೋಹಾ ಅಲ್ ಜದೀದಾ ಬಡಾವಣೆಯ ಹಳೆಯ ಕಟ್ಟಡವೊಂದರಲ್ಲಿ ನಾನು ಮತ್ತು ರೋಣದ ಮಲ್ಲಣ್ಣ ಒಂದೇ ರೂಮಿನಲ್ಲಿದ್ದೆವು, ಒಂದೇ ಆಫೀಸಿನಲ್ಲಿ ಕೆಲಸ. ಊರಿಂದ ತಂದ ಕೆಂಪು ಚಟ್ನಿಯನ್ನು ಅವನು ಬ್ರೆಡ್ಡಿಗೆ ಜಾಮಿನಂತೆ ಸವರಿ ತಿನ್ನುತ್ತಿದ್ದ. ಆ ವಾರ ಮಾತ್ರ ಅವನಿಗೆ ಊಟ ಸೇರುತ್ತಿರಲಿಲ್ಲ. ರಜೆಯಲ್ಲಿ ನೋಡಿಬಂದಿದ್ದ ಗದಗಿನ ಹುಡುಗಿ, ಶಾಲೆಯ ಟೀಚರ್ ಶಾರದಾ, ಇನ್ನೂ ಹೂಂ ಅಂದಿರಲಿಲ್ಲ. ಎರಡೂ ಮನೆಯವರು ಒಪ್ಪಿದ್ದರು. "ಆಕಿ ಬಾಯಿಂದ ಬರಬೇಕು ದೋಸ್ತ" ಎಂದು ಹಟ ಹಿಡಿದವನು ಇವನೇ. ಶುಕ್ರವಾರ ರಾತ್ರಿ ಊಟಕ್ಕೆ ಕೂತಾಗ ಅವಳು ಅಪ್ಪನಿಗೆ ತೀರ್ಮಾನ ಹೇಳುವುದು, ಆಮೇಲೆ ಇವನು ಅವರ ಪಕ್ಕದ ಮನೆಗೆ ಫೋನ್ ಮಾಡುವುದು ಎಂದು ಮಾತಾಗಿತ್ತು.

ನಮ್ಮ ಮೇಲಿನ ಮನೆಯಲ್ಲಿ ಚೀನಾದ ಸರ್ವೇಯರ್ ಒಬ್ಬರು ಇದ್ದರು. ಅವರ ಹೆಂಡತಿ ಪಾನ್ ಮೇಡಂ ಮಿಯಾವ್ ಎಂಬ ಗುಡ್ಡಗಾಡು ಜನಾಂಗದವರು. ಆ ಸಂಜೆ ತಮ್ಮೂರಿನ ಹಬ್ಬವೆಂದು ನಮ್ಮನ್ನು ತಾರಸಿಗೆ ಕರೆದರು. ಡಿಶ್ ಆಂಟೆನಾಗಳ ನಡುವೆ ಚಾಪೆ ಹಾಸಿ, ಎದೆ ತುಂಬ ಬೆಳ್ಳಿಯ ಹಾರ ಹೇರಿಕೊಂಡು ಕೂತಿದ್ದರು. ಎದುರಿಗೆ ಹಳದಿ, ಕೆಂಪು, ಹಸಿರು ಬಣ್ಣದ ಅಂಟು ಅನ್ನ, ಕರವಸ್ತ್ರಗಳಲ್ಲಿ ಗಂಟು ಕಟ್ಟಿಟ್ಟದ್ದು. ಅವರ ಕಡೆ ವಸಂತದಲ್ಲಿ ಹುಡುಗಿಯರು ಹೀಗೆ ಅನ್ನ ಮಾಡುತ್ತಾರಂತೆ, ಗಂಡುಹುಡುಗರು ಬಂದು ಬೇಡುತ್ತಾರಂತೆ. ಮದುವೆಯಾಗದ ನಾವಿಬ್ಬರೂ ಒಂದೊಂದು ಗಂಟು ಆರಿಸಿಕೊಂಡೆವು.

ನನ್ನದರಲ್ಲಿ ಚೀನೀಯರು ಊಟ ಮಾಡುವ ಒಂದು ಜೋಡಿ ಕಡ್ಡಿ. ಮಲ್ಲಣ್ಣನದರಲ್ಲಿ ಒಂದು ಕೆಂಪು ಮೆಣಸಿನಕಾಯಿ. ಅವನ ಮುಖ ವಾರದಲ್ಲಿ ಮೊದಲ ಸಲ ಅರಳಿತು. ಮೇಡಂ ಮಾತ್ರ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗತೊಡಗಿದರು. ಅವರ ಗಂಡ ಇಂಗ್ಲಿಷಿನಲ್ಲಿ ವಿವರಿಸಿದರು: ಅನ್ನದೊಳಗೆ ಇರುವುದೇ ಹುಡುಗಿಯ ಉತ್ತರ. ಕಡ್ಡಿ ಸಿಕ್ಕರೆ ಒಪ್ಪಿಗೆ. ಮೆಣಸಿನಕಾಯಿ ಸಿಕ್ಕರೆ ಒಲ್ಲೆ ಎಂದು, ಸುಮ್ಮನೆ ಎದ್ದು ಹೋಗಬೇಕು.

"ಒಲ್ಲೆ ಅಂತನಾ? ನಮ್ಮ ಕಡೆ ಊಟದಾಗ ಖಾರ ಇಲ್ಲಂದ್ರ ಬೀಗರು ಎದ್ದು ಹೋಗತಾರ!" ಎಂದು ಮಲ್ಲಣ್ಣ ಅದನ್ನು ತೊಟ್ಟಿನ ತನಕ ಕಚ್ಚಿ ಅಗಿದ. ಅಗಿಯುತ್ತ ಹುಬ್ಬು ಗಂಟಿಕ್ಕಿದ. "ಇದಕ್ಕ ಖಾರನ ಇಲ್ಲಲೇ. ಸೌತಿಕಾಯಿ ತಿಂದಂಗಾತು."

ಓದಿದವನಲ್ಲವೇ, ಪರೀಕ್ಷೆ ಮಾಡಲೆಂದು ಮೇಡಂ ಪಕ್ಕದಲ್ಲಿ ಉಳಿದಿದ್ದ ಅದೇ ಮೆಣಸಿನಕಾಯಿ ಕಟ್ಟಿನಿಂದ ಇನ್ನೊಂದು ಕಾಯಿ ತೆಗೆದು ತುದಿ ಕಚ್ಚಿದೆ. ಮರುಕ್ಷಣ ತಾರಸಿಯ ಟ್ಯಾಂಕಿನ ನಲ್ಲಿಗೆ ಬಾಯಿಟ್ಟಿದ್ದೆ. ದಿನವಿಡೀ ಬಿಸಿಲು ಕುಡಿದ ಆ ನೀರಿನಲ್ಲಿ ಚಹಾ ಮಾಡಬಹುದಿತ್ತು. ಅಂದಿನ ದಿನಚರಿಯಲ್ಲಿ ನಾನು ಬರೆದಿರುವುದು ಅಷ್ಟೇ: "ನಾಲಿಗೆ ಸುಟ್ಟಿತು."

ಆಮೇಲೆ ಬೀದಿಯ ಕಾರ್ಡ್ ಫೋನಿನ ಹತ್ತಿರ ಹೋದೆವು. ರಿಸೀವರನ್ನು ಇಬ್ಬರ ಕಿವಿಗಳ ನಡುವೆ ಹಿಡಿದು ಮಲ್ಲಣ್ಣ ಹಲೋ ಅಂದ. ಶಾರದಾ ಕ್ಷೇಮ ಕೇಳಲಿಲ್ಲ.

"ನೀವು ಈಗ ಏನ್ ತಿಂದ್ರಿ?"

ನನ್ನ ಪ್ರಶ್ನೆ!

"ಮೆಣಸಿನಕಾಯಿ" ಎಂದ ಮಲ್ಲಣ್ಣ ಕಳ್ಳನಂತೆ.

"ನಾನು ಮೊಸರನ್ನ ಉಣ್ಣಾಕತ್ತಿದ್ದೆ. ಒಲ್ಲೆ ಅನ್ನಾಕ ಬಾಯಿ ತೆಗೆದ್ನಿ, ನಾಲಿಗಿಗೆ ಬೆಂಕಿ ಹತ್ತಿದಂಗಾತು. ಕಣ್ಣಾಗ ನೀರು, ಬಿಕ್ಕಳಿಕಿ. ಹುಡುಗಿ ಖುಷಿಗೆ ಅಳಾಕತ್ತಾಳ ಅಂತ ನಮ್ಮಪ್ಪ ಓಣಿಗೆಲ್ಲ ಸಕ್ರಿ ಹಂಚಿಬಿಟ್ಟಾನ!" ಎಂದವಳು ಮತ್ತೆ ಬಿಕ್ಕಳಿಸಿದಳು.

ಮಲ್ಲಣ್ಣನಿಗೆ ಕೇಳಿಸಿದ್ದು ಒಲ್ಲೆ ಎಂಬ ಒಂದೇ ಮಾತು. "ಸಕ್ರಿ ಹಂಚಿದ್ದು ಲೆಕ್ಕಕ್ಕ ಹಿಡೀಬ್ಯಾಡ್ರಿ. ನೀವು ಒಲ್ಲೆ ಅಂದ್ರ ನಾನ ನಿಮ್ಮಪ್ಪಗ ಹೇಳತೀನಿ."

ಆ ಕಡೆ ನೀರು ಗುಟುಕರಿಸಿದ ಸದ್ದು. ಆಮೇಲೆ, "ಈಗ ಏನೂ ಹೇಳೂದಿಲ್ಲ. ಮೊದಲು ಈ ಉರಿ ಆರಲಿ. ಮುಂದಿನ ಶುಕ್ರವಾರ ಫೋನ್ ಮಾಡ್ರಿ. ಅಲ್ಲೀತನಕ ಖಾರ ಮುಟ್ಟಬ್ಯಾಡ್ರಿ" ಎಂದಳು.

ಇಡೀ ವಾರ ಮಲ್ಲಣ್ಣ ಮೊಸರನ್ನ ತಿಂದ. ಚಟ್ನಿಯ ಡಬ್ಬಿಯನ್ನು ನನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿಸಿದ. ಮುಂದಿನ ಶುಕ್ರವಾರ ಶಾರದಾ, ಬಿಕ್ಕಳಿಕೆ ಇಲ್ಲದೆ, ಹೂಂ ಅಂದಳು.

ನಾನು ಸುಮ್ಮನೆ ಬಿಟ್ಟವನಲ್ಲ. ಒಂದು ಕಟ್ಟಿನಲ್ಲಿ ಒಂದು ಕಾಯಿ ಸಪ್ಪಗಿರಬಹುದು. ಅವಳ ಮೊಸರನ್ನಕ್ಕೆ ಮೆಣಸಿನಕಾಯಿ ಚೂರು ಬಿದ್ದಿರಬಹುದು. ಎರಡು ದೇಶಗಳ ಗಡಿಯಾರ ಹೊಂದಿಸಿ ನೋಡಿದೆ, ಸರಿಹೋಯಿತು. ಆದರೆ ಹೊಂದಿಸುವುದರಲ್ಲಿ ನೆನಪು ಬಲು ಜಾಣ. ಶಾರದಾ ಮೊದಲು ಕೇಳಿದ್ದು ಆ ಪ್ರಶ್ನೆಯನ್ನೇ ಎಂದು ಇಂದಿಗೂ ಆಣೆ ಇಡಬಲ್ಲೆ. ಆದರೆ ಆಣೆ ಇಡುವವರನ್ನೂ ನಾನು ನಂಬುತ್ತಿರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಗದಗಿನಲ್ಲಿ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ರೊಟ್ಟಿಯ ಜೊತೆ ಹಸಿಮೆಣಸಿನಕಾಯಿ ಬಂತು. ಮಲ್ಲಣ್ಣ ಒಂದನ್ನು ಕೈಯಲ್ಲಿ ಹಿಡಿದು ಶಾರದಾಳ ಕಡೆ ನೋಡಿದ. ಶಾರದಾ ಒಳಗಿನಿಂದ ಒಂದು ಲೋಟ ಮಜ್ಜಿಗೆ ತಂದು ತನ್ನ ಮುಂದೆ ಇಟ್ಟುಕೊಂಡು, "ಹಂ, ಈಗ ತಿನ್ರಿ" ಎಂದಳು.

ಅವನು ಕಚ್ಚಿದ. ನಾನು ಅವಳ ಮುಖ ನೋಡುವ ಧೈರ್ಯ ಸಾಲದೆ ರೊಟ್ಟಿ ಮುರಿಯುತ್ತ ಕೂತೆ.