ಪೈಪ್ ಹಾಕಿ ಬಿಗಿದ ಬೋಲ್ಟು

ಸ್ಪ್ಯಾನರ್ ಹಿಡಿದು ತಿಣುಕುವ ಗಂಡಸನ್ನು ಕಂಡರೆ ನನಗೀಗ ಅಸಹ್ಯ. ಹಲ್ಲು ಕಚ್ಚಿಕೊಂಡು ‘ಇನ್ನೊಂದ್ ಸುತ್ತು ಬರುತ್ತೆ’ ಅಂತಾನಲ್ಲ, ಅವನಿಗೆ ಕೆಲಸ ಬರುವುದಿಲ್ಲ ಅಂತಲೇ ಲೆಕ್ಕ. ನಾನೂ ಅದೇ ಜಾತಿಯ ದಡ್ಡ.

ಸ್ಕೂಲು ಅರ್ಧಕ್ಕೇ ಬಿಟ್ಟವನು. ಅಮೃತಹಳ್ಳಿಯ ಅಪ್ಪನ ಹೊಲದಲ್ಲಿ ಕಟ್ಟಡ ಎದ್ದಿತು, ಬಾಡಿಗೆ ಬಂತು, ಜೊತೆಗೆ ನನ್ನ ಸೋಮಾರಿತನವೂ ಬಂತು. ತಂಗಿ ಹಾಗಲ್ಲ. ಹಳೇ ವ್ಯಾನಿನ ಹಿಂದಿನ ಡೋರ್ ಮೇಲಕ್ಕೆತ್ತಿ, ಅದರ ಕೆಳಗೇ ನಿಂತು, ಪುಟ್ಟೇನಹಳ್ಳಿ ಕೆರೆ ಹತ್ತಿರ ಬೆಳಿಗ್ಗೆ ಇಡ್ಲಿ ಮಾರುತ್ತಾಳೆ. ಆ ಡೋರಿನ ಕೀಲು ಸಡಿಲವಾಗಿ ಕಟಕಟ ಅನ್ನುತ್ತಿತ್ತು.

“ಗ್ಯಾರೇಜಿಗೆ ಬಿಡ್ತೀನಿ ಕಣಣ್ಣ” ಅಂದಳು.

“ನಾಲ್ಕು ಬೋಲ್ಟಿಗೆ ಗ್ಯಾರೇಜಾ? ನಾನೇನ್ ಸತ್ತೋಗಿದ್ದೀನಾ?”

ಕೀಲು ಬಿಚ್ಚಿ ಕೂರಿಸುವಾಗ ಡೋರಿಗೆ ಗಟ್ಟಿ ಕೋಲು ಆನಿಸಿ, ಎಲ್ಲಾ ಬೋಲ್ಟನ್ನೂ ಮೊದಲು ಬೆರಳಲ್ಲೇ ಕೂರಿಸಬೇಕು. ಡೋರ್ ಸರಿಯಾಗಿ ಮುಚ್ಚುತ್ತಾ ನೋಡಿ, ಆಮೇಲೆ ಎರಡೂ ಕಡೆ ಸ್ವಲ್ಪಸ್ವಲ್ಪವೇ ಬಿಗಿ ಮಾಡಬೇಕು. ಬಿಗಿಯಾಯಿತು ಅಂತ ಕೈಗೆ ಗೊತ್ತಾದಾಗ ನಿಲ್ಲಿಸಬೇಕು. ಅಷ್ಟೇ. ನಾನೋ, ಒಂದು ಕಡೆಯದನ್ನು ಪೂರ್ತಿ ಬಿಗಿದುಬಿಟ್ಟೆ. ಇನ್ನೊಂದು ಕಡೆ ತೂತಿಗೆ ತೂತು ಕೂರಲಿಲ್ಲ, ಬೋಲ್ಟು ಸೊಟ್ಟಗೆ ಹೋಯಿತು. ಕೈಬಲ ಸಾಲದೆ, ಬೋರ್‌ವೆಲ್ಲಿನ ತುಂಡು ಪೈಪನ್ನು ಸ್ಪ್ಯಾನರಿನ ಹಿಡಿಗೆ ತೊಡಿಸಿ ಉದ್ದ ಮಾಡಿಕೊಂಡು ಎಳೆದೆ. ಕಟ್ ಅಂತು. ಥ್ರೆಡ್ ಕಿತ್ತುಹೋಗಿ, ಬೋಲ್ಟು ಬೆಣ್ಣೆಯಲ್ಲಿಟ್ಟ ಹಾಗೆ ಸುಮ್ಮನೆ ತಿರುಗತೊಡಗಿತು.

“ಆಯ್ತಾ?” ತಂಗಿ ಮನೆಯೊಳಗಿಂದ ಕೇಳಿದಳು.

“ನಿನ್ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ ಕಣೇ!” ಗೊತ್ತಿದ್ದೇ ಅಂದೆ. ಬೋಲ್ಟಿನ ತಲೆಗೆ ಗ್ರೀಸ್ ಮೆತ್ತಿ ಮುಚ್ಚಿದೆ.

ಮಾರನೇ ದಿನ ಕೆರೆ ಹತ್ತಿರ ಆ ಡೋರ್ ಓರೆಯಾಗಿ ಕುಸಿದು ಅವಳ ಬಲಗೈ ಮೇಲೆ ಬಿತ್ತು. ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿಸಿಕೊಂಡು ಬಂದವಳು ಬೈದದ್ದು ವ್ಯಾನಿಗೆ. “ಹಾಳಾದ್ ಡಬ್ಬ! ನೀನು ಪಾಪ, ಅಷ್ಟು ಬೆವರು ಸುರಿಸಿದ್ದೆ.”

“ತುಕ್ಕು ಹಿಡಿದಿತ್ತೇನೋ” ಅಂದೆ. ಅವಳು ತಂದುಕೊಟ್ಟ ಕಾಫಿಯನ್ನೂ ಕುಡಿದೆ. ನಾಚಿಕೆಗೆಟ್ಟವನು.

ಇಡ್ಲಿ ವ್ಯಾಪಾರ ನಿಂತೇಹೋಯಿತು. ಪ್ಲಾಸ್ಟರ್ ಬಿಚ್ಚಿದ ದಿನ ಅವಳು ಹೊಸ ಬೋಲ್ಟು ತಂದು ನನ್ನ ಮುಂದಿಟ್ಟಳು. “ನೀನೇ ಹಾಕಣ್ಣ. ಹೊರಗಿನವರನ್ನ ನಂಬಕ್ಕಾಗಲ್ಲ.”

ಇನ್ನು ತಡೆಯಲಾಗದೆ ಎಲ್ಲಾ ಹೇಳಿದೆ.

“ಥ್ರೆಡ್ ಹೋಗಿದ್ದು ಗೊತ್ತಿದ್ದೂ ಕಳಿಸಿದ್ಯಾ?”

“ಹೂಂ.”

“ಆ ಪೈಪ್ ಗುಜರಿಯವನಿಗೆ ಹಾಕು. ನಿನ್ನನ್ನೂ ತಗೋತಾನಾ ಕೇಳು.”

ವ್ಯಾನನ್ನು ಗ್ಯಾರೇಜಿಗೆ ಕೊಟ್ಟಳು. ಈಗ ದಿನಾ ಬೆಳಿಗ್ಗೆ ಕೆರೆ ಹತ್ತಿರ ಇಡ್ಲಿ ಪಾತ್ರೆ ಇಳಿಸುವವನು ನಾನು. ಡೋರನ್ನು ಮಾತ್ರ ಮುಟ್ಟಲು ಬಿಡುವುದಿಲ್ಲ. ಅದನ್ನು ಅವಳೇ ಎತ್ತುತ್ತಾಳೆ, ಎಡಗೈಯಲ್ಲಿ.