ಬಿಸಿ ಟೈರಿನಿಂದ ಇಳಿಸಿದ ಗಾಳಿ

೧೯೫೨ರ ಏಪ್ರಿಲ್‌ನಲ್ಲಿ ನಾನು ಬೆಂಗಳೂರಿನ ಚಾಮರಾಜಪೇಟೆಯ ಒಂದು ಟೈರ್ ರಿಪೇರಿ ಅಂಗಡಿಯಲ್ಲಿ ಮೆಕ್ಯಾನಿಕ್ ಆಗಿದ್ದೆ. ಬೇಸಿಗೆ ಬಂತೆಂದರೆ ಡ್ರೈವರ್‌ಗಳು ಮಧ್ಯಾಹ್ನದ ಹೊತ್ತು ಬಂದು ಟೈರಿನ ಗಾಳಿ ಸ್ವಲ್ಪ ಇಳಿಸಿಕೊಂಡು ಹೋಗುತ್ತಿದ್ದರು. ಬಿಸಿಲಿಗೆ ಗಾಳಿ ಹಿಗ್ಗಿ ಟೈರು ಸಿಡಿಯುತ್ತದೆ ಎಂದು ಎಲ್ಲರೂ ನಂಬಿದ್ದರು. ನಮ್ಮ ಮೇಸ್ತ್ರಿ ರುದ್ರಪ್ಪನವರು ಮಾತ್ರ ಒಪ್ಪುತ್ತಿರಲಿಲ್ಲ.

ಒಂದು ದಿನ ಅವರು ಊಟಕ್ಕೆ ಹೋಗಿದ್ದಾಗ ಸಿದ್ದಲಿಂಗಣ್ಣ ಕಪ್ಪು ಕಾರೊಂದನ್ನು ತಂದರು. ಅವರು ಮಲ್ಲೇಶ್ವರದ ವಕೀಲರೊಬ್ಬರ ಮನೆಯ ಡ್ರೈವರ್, ನಮ್ಮ ಖಾಯಂ ಗಿರಾಕಿ. ಆಗಷ್ಟೇ ಮೈಸೂರಿನಿಂದ ಬಂದಿದ್ದರು. ವಕೀಲರ ಹೆಂಡತಿಯನ್ನೂ ಬಸುರಿ ಮಗಳನ್ನೂ ಕೂಡಲೇ ತುಮಕೂರಿಗೆ ಕರೆದೊಯ್ಯಬೇಕಿತ್ತು. ಟೈರು ಮುಟ್ಟಿದರೆ ಕೈ ಸುಡುತ್ತಿತ್ತು. ಗಾಳಿ ಅಳೆಯುವ ಗೇಜ್ ಮೂವತ್ತಮೂರು ಪೌಂಡ್ ತೋರಿಸಿತು. ಆ ಕಾರಿಗೆ ಕಂಪನಿಯ ಪುಸ್ತಕದಲ್ಲಿ ಹೇಳಿದ್ದು ಇಪ್ಪತ್ತೆಂಟು.

"ಇಳ್ಸಪ್ಪ ನಂಜುಂಡ. ಈ ಬಿಸ್ಲಿಗೆ ನಾನೇ ಉಬ್ಬಿ ಕೂತಿದೀನಿ, ಟೈರ್ ಉಬ್ದೆ ಇರುತ್ತಾ?"

"ಮೇಸ್ತ್ರಿ ಬೈತಾರೆ, ಸಿದ್ದಲಿಂಗಣ್ಣ."

"ಕಾರು ಓಡ್ಸೋದು ನಿಮ್ಮ ಮೇಸ್ತ್ರಿನೋ, ನಾನೋ?"

ನಾಲ್ಕು ಟೈರನ್ನೂ ಇಪ್ಪತ್ನಾಲ್ಕಕ್ಕೆ ಇಳಿಸಿದೆ. ಅವರು ಹೊರಟುಹೋದರು.

ರುದ್ರಪ್ಪನವರು ಬಂದಾಗ ವಿಷಯ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಬಿಸಿಯಿದ್ದಾಗ್ಲೇ ತೆಗೆದ್ಯಾ?" ಹೂಂ ಎಂದೆ. ಅವರು ಗಡಿಬಿಡಿಯಲ್ಲೇ ಬಿಡಿಸಿ ಹೇಳಿದರು. ಪುಸ್ತಕದ ಇಪ್ಪತ್ತೆಂಟು ತಣ್ಣಗಿರುವ ಟೈರಿನದು. ಓಡಿದಾಗ ನಾಲ್ಕೈದು ಪೌಂಡ್ ಏರುವುದು ಸಹಜ, ಟೈರು ಅದನ್ನು ತಾಳುತ್ತದೆ. ಗಾಳಿ ಕಡಿಮೆಯಾದರೆ ಅದರ ಪಕ್ಕೆಗಳು ಮಡಚಿ ಮಡಚಿ ಇನ್ನಷ್ಟು ಕಾಯುತ್ತವೆ, ಒಳಗಿನ ಕ್ಯಾನ್ವಾಸ್ ಪದರ ಬಿಟ್ಟುಕೊಳ್ಳುತ್ತದೆ. "ಅದ್ರಲ್ಲೂ ಹಿಂದಿನೆರಡು ಹಳೇ ಟೈರಿಗೆ ಹೊಸ ರಬ್ಬರ್ ಕೂರ್ಸಿರೋದು ಕಣೋ. ಓಡು!"

ಸೈಕಲ್ ತುಳಿದುಕೊಂಡು ವಕೀಲರ ಮನೆ ಮುಟ್ಟಿದಾಗ ಅಡುಗೆಯಾಕೆ ಬಾಗಿಲಲ್ಲಿದ್ದರು. "ಈಗ ತಾನೆ ಹೊರಟ್ರಲ್ಲಪ್ಪಾ."

ಯಶವಂತಪುರದವರೆಗೂ ತುಳಿದೆ. ಅಲ್ಲಿ ಕಾಲು ಸೋತು, ತುಮಕೂರಿನ ಕಡೆ ಹೊರಟಿದ್ದ ಲಾರಿಯೊಂದಕ್ಕೆ ಅಡ್ಡ ನಿಂತು ಹತ್ತಿದೆ. ದೂರದಲ್ಲಿ ಕಂಡ ಪ್ರತಿ ಕಪ್ಪು ಕಾರೂ ಅದೇ ಎನಿಸುತ್ತಿತ್ತು. ಯಾವುದೂ ಅದಾಗಿರಲಿಲ್ಲ.

ನೆಲಮಂಗಲಕ್ಕೆ ಎರಡು ಮೈಲಿ ಈಚೆ ಅದು ರಸ್ತೆ ಬದಿಯ ಹಳ್ಳದಲ್ಲಿ ಮಗುಚಿ ಬಿದ್ದಿತ್ತು. ಹಿಂದಿನ ಬಲಗಡೆಯ ಟೈರು ಚಿಂದಿಯಾಗಿತ್ತು. ಹೆಂಗಸರಿಬ್ಬರೂ ಮರದಡಿ ಕೂತಿದ್ದರು, ಅವರಿಗೆ ತರಚುಗಾಯವಷ್ಟೇ. ಸಿದ್ದಲಿಂಗಣ್ಣನ ಬಲಗಾಲು ಕಾರಿನಡಿ ಸಿಕ್ಕಿತ್ತು. ಲಾರಿಯವರೂ ನಾನೂ ಸೇರಿ ಕಾರೆತ್ತಿ ಬಿಡಿಸಿದೆವು. ಮೂರನೆಯ ದಿನ ಆಸ್ಪತ್ರೆಯಲ್ಲಿ ಆ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು.

ನೋಡಲು ಹೋದಾಗ ಅವರೇ ನನಗೆ ಸಮಾಧಾನ ಹೇಳಿದರು. "ನಿನ್ ತಪ್ಪೇನಿಲ್ಲ ಬಿಡು. ಇನ್ನೊಂದೆರಡು ಪೌಂಡ್ ಇಳಿಸ್ಬೇಕಿತ್ತು. ನಾನೇ ಹೇಳ್ಲಿಲ್ಲ."

ಸುಮ್ಮನಿದ್ದುಬಿಡಬಹುದಿತ್ತು. ಆದರೆ ಅವರನ್ನು ನೋಡಲು ಬಂದಿದ್ದ ಇನ್ನಿಬ್ಬರು ಡ್ರೈವರ್‌ಗಳು ಆ ಮಾತಿಗೆ ಹೌದೆಂದು ತಲೆಯಾಡಿಸುತ್ತಿದ್ದರು.

"ಇಲ್ಲಣ್ಣಾ, ಇಳಿಸಿದ್ದಕ್ಕೇ ಸಿಡೀತು. ಇಳಿಸಿದ್ದು ನಾನು," ಎಂದೆ.

ಸಿದ್ದಲಿಂಗಣ್ಣ ಗೋಡೆಯ ಕಡೆ ಹೊರಳಿದರು. ಮತ್ತೆಂದೂ ನನ್ನೊಡನೆ ಮಾತಾಡಲಿಲ್ಲ. ಅಲ್ಲಿದ್ದ ಡ್ರೈವರೊಬ್ಬರು ತಗ್ಗಿದ ದನಿಯಲ್ಲಿ, "ಹಂಗಾದ್ರೆ ಗಾಳಿ ಯಾವಾಗ ನೋಡ್ಬೇಕಪ್ಪ?" ಎಂದರು.

"ಬೆಳಿಗ್ಗೆ. ಗಾಡಿ ತೆಗೆಯೋಕೆ ಮುಂಚೆ."

ಆ ಕೆಲಸ ನನಗೆ ಕಲಿಸಿದ್ದು ಇಷ್ಟು: ಗಿರಾಕಿ ಹಿರಿಯರು, ಅವಸರದಲ್ಲಿದ್ದಾರೆ ಎಂದು ಹೂಂಗುಟ್ಟಬಾರದು. "ಆಗಲ್ಲ" ಎಂಬ ಒಂದು ಮಾತನ್ನು ಅವರು ಅಂಗಡಿ ಬಿಟ್ಟು ಹೊರಡುವ ಮೊದಲೇ ಹೇಳಿಬಿಡಬೇಕು.