ಶರಣಿಯ ಪಾಲಿನ ತೈಯ್ಯಾ ತೈ

ಆಗೆಲ್ಲ ನಮ್ಮ ಬ್ರಹ್ಮಪುರದ ಓಣಿಯ ಹುಡುಗಿ ದೊಡ್ಡವಳಾದಳೆಂದರೆ ಅವಳ ಓಟ ಅಲ್ಲಿಗೆ ಮುಗಿದಂತೆ. ಹೋದ ವಾರದವರೆಗೂ ಲಗೋರಿ ಆಡಿದವಳು ಈ ವಾರ ಬಾಗಿಲ ಹಿಂದೆ ಕೂತು ಶೇಂಗಾ ಸುಲಿಯುತ್ತಿದ್ದಳು. ನೀವೂ ಹಾಗೆ ಕೂತವರಾದರೆ ಕಾಲು ಎಷ್ಟು ಚಡಪಡಿಸುತ್ತವೆ ಎಂಬುದು ಗೊತ್ತಿರುತ್ತದೆ. ನಮಗೆ ಉಳಿದದ್ದು ವತ್ಸಲಾ ಅಕ್ಕೋರ ನೃತ್ಯದ ಕ್ಲಾಸು ಒಂದೇ. ಓಣಿಯಲ್ಲಿ ಕುಣಿದರೆ ಬೈಗುಳ, ಅಕ್ಕೋರ ಮನೆಯಲ್ಲಿ ಕುಣಿದರೆ ದೇವರ ಸೇವೆ! ನಮ್ಮ ಅಜ್ಜಿ ಕೂಡ ಅದಕ್ಕೆ ಬೇಡ ಎನ್ನಲಿಲ್ಲ.

ಸಂಜೆ ಐದಕ್ಕೆ ಹತ್ತು-ಹನ್ನೆರಡು ಹುಡುಗಿಯರು ಅವರ ಪಡಸಾಲೆಯಲ್ಲಿ ಸೇರುತ್ತಿದ್ದೆವು. ಬಿಸಿಲಿಗೆ ಕಾದ ಪರಸಿ ಕಲ್ಲಿನ ನೆಲ, ಕೊಬ್ಬರಿ ಎಣ್ಣೆ, ಬೆವರು. ಆ ವಾಸನೆ ಮೂಗಿಗೆ ಬಡಿದರೆ ಸಾಕು, ಮೈ ಹಗುರಾಗುತ್ತಿತ್ತು. ಅಕ್ಕೋರಿಗೆ ಕಣ್ಣು ಮಂದ, ಕಿವಿ ಮಾತ್ರ ಬಲು ಚುರುಕು. ಜೋಡಿ ಜೋಡಿಯಾಗಿ ಕುಣಿಸುವಾಗ ಒಂದು ಸಾಲು 'ತೈಯ್ಯಾ ತೈ' ಒಬ್ಬಳು ಕೂಗಬೇಕು, ಮರುಸಾಲು ಇನ್ನೊಬ್ಬಳು. ದನಿ ಒಡೆದರೆ ಅವರ ತಾಳದ ಕೋಲು ನಿಲ್ಲುತ್ತಿತ್ತು. "ದಮ್ಮು ಹತ್ತ್ಯಾದ ನಿನಗ, ಕೂಡು," ಎಂದು ಕೂರಿಸುತ್ತಿದ್ದರು. ಯಾರು ಎಷ್ಟು ದಣಿದಿದ್ದಾರೆ ಎಂದು ಅವರು ತಿಳಿಯುತ್ತಿದ್ದದ್ದು ದನಿಯಿಂದಲೇ.

ನನ್ನ ಜೋಡಿ ಶರಣಮ್ಮ, ನಮಗೆಲ್ಲ ಶರಣಿ. ಕಮಲಾಪುರದವಳು, ಹೈಸ್ಕೂಲಿಗೆಂದು ನಮ್ಮ ಪಕ್ಕದ ಮನೆಯ ಸೋದರಮಾವನ ಬಳಿ ಇದ್ದಳು. ಊರಿಗೆ ಹೋಗಿ ಬಂದಾಗಲೆಲ್ಲ ಅವರ ಹೊಲದ ಕೆಂಪು ಬಾಳೆಹಣ್ಣು ತರುತ್ತಿದ್ದಳು. ಕ್ಲಾಸು ಮುಗಿದ ಮೇಲೆ ಅಕ್ಕೋರ ಮನೆಯ ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದೆವು.

ಒಂಬತ್ತನೆಯ ಇಯತ್ತೆಯಲ್ಲಿ ಅವಳಿಗೆ ಮತ್ತೆ ಮತ್ತೆ ಜ್ವರ ಬಂತು, ಮೊಣಕಾಲು ಬಾತವು. ಜ್ವರ ಇಳಿಯಿತು. ಆದರೆ ನಾಲ್ಕು ಸುತ್ತು ಕುಣಿದರೆ ತುಟಿ ನೀಲಿಯಾಗುತ್ತಿತ್ತು, ಬಾಯಿಂದ ಮಾತೇ ಹೊರಡುತ್ತಿರಲಿಲ್ಲ.

"ಅಕ್ಕೋರಿಗಿ ಹೇಳ್ತೀನಿ ನೋಡು," ಎಂದೆ.

"ಬ್ಯಾಡ ಸುಧಾ, ನಿನ್ನ ಕಾಲಿಗಿ ಬೀಳ್ತೀನಿ. ಜಡ್ಡು ಅಂತ ಗೊತ್ತಾದ್ರ ಮಾವ ಊರಿಗಿ ಕಳಸ್ತಾನ. ಸಾಲಿ ಬಿಡಸ್ತಾರ, ಡ್ಯಾನ್ಸೂ ಹೋತು. ಅಲ್ಲಿ ಏನ್ ಮಾಡ್ಲಿ, ಗ್ವಾಡಿ ನೋಡ್ಕೋತ ಕೂಡ್ಲಿ?"

ಅವತ್ತಿನಿಂದ ಅವಳ ಸಾಲನ್ನೂ ನಾನೇ ಕೂಗಿದೆ. ನನ್ನದು ನನ್ನ ದನಿಯಲ್ಲಿ, ಅವಳದು ಅವಳ ಸಣ್ಣ ದನಿಯಲ್ಲಿ. ಅವಳು ಬರೀ ಬಾಯಿ ಆಡಿಸುತ್ತ ಕುಣಿಯುತ್ತಿದ್ದಳು. ಉಳಿದವರಿಗೆ ಇದೊಂದು ತುಂಟಾಟ. ಓಢಣಿ ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನನಗೋ ನಾನೆಷ್ಟು ಜಾಣೆ ಎಂಬ ಹೆಮ್ಮೆ. ಒಂದು ದಿನ ಅಕ್ಕೋರು, "ಶಾಬಾಸ್ ಶರಣಿ, ನಿನ್ನ ಉಸರು ಗಟ್ಟಿ ಆಗ್ಯಾದ," ಎಂದರು. ಮನೆಗೆ ಬರುವ ದಾರಿಯುದ್ದಕ್ಕೂ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಯುಗಾದಿಗೆ ಗುಡಿಯಲ್ಲಿ ಕುಣಿಯುವ ದಿನ ಹತ್ತಿರ ಬಂದಾಗ ಅಕ್ಕೋರು ವೇಗ ಹೆಚ್ಚಿಸಿದರು. ಶರಣಿಯ ಉಸಿರು ಗಟ್ಟಿಯಾಗಿದೆಯಲ್ಲ! ನಾನು ಕಣ್ಣು ಮುಚ್ಚಿ ಶರಣಿಯ ಸಾಲು ಕೂಗುತ್ತಲೇ ಇದ್ದೆ. ಅವಳು ಆಗಲೇ ಪರಸಿಯ ಮೇಲೆ ಬಿದ್ದಿದ್ದಳು.

ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಡಾಕ್ಟರು, ಹೃದಯದ ಕವಾಟ ಕೆಟ್ಟಿದೆ, ಇಷ್ಟು ದಿನ ದಮ್ಮು ಹತ್ತಿದ್ದು ಯಾರಿಗೂ ತಿಳಿಯಲಿಲ್ಲವೇ ಎಂದು ಕೇಳಿದರು. ಅಕ್ಕೋರು ಅವಳ ಮಾವನಿಗೆ ಕೈ ಮುಗಿದರು. "ಕಣ್ಣು ಮೊದ್ಲೇ ಹೋಗ್ಯಾವ್ರೀ. ಕಿವಿನೂ ಹೋಗ್ಯಾವಂತ ನನಗ ತಿಳೀಲಿಲ್ಲ." ಅವ್ವನ ಹಿಂದೆ ನಿಂತಿದ್ದ ನಾನು ಬಾಯಿ ಬಿಡಲಿಲ್ಲ. ಉಳಿದ ಹುಡುಗಿಯರೂ ಬಿಡಲಿಲ್ಲ. ನಮಗೆ ಅಷ್ಟು ಹೆದರಿಕೆಯಾಗಿತ್ತು.

ಮೇ ತಿಂಗಳಲ್ಲಿ ಅವ್ವನ ಜೊತೆ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ಶರಣಿ ದಿಂಬಿಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಅವ್ವ ಒಳಗೆ ಹೋದದ್ದೇ ತಡ, ಮೆಲ್ಲಗೆ ಕೇಳಿದಳು.

"ಯಾರಿಗೂ ಹೇಳಿಲ್ಲಲಾ?"

"ಇಲ್ಲ."

"ಛಲೋ ಮಾಡಿದಿ. ಆರಾಮ ಆದಮ್ಯಾಲ ಬರ್ತೀನಿ. ನನ್ನ ಜಾಗಾದಾಗ ಯಾರಿಗೂ ನಿಂದ್ರಸಬ್ಯಾಡ."

ಮಳೆ ಹಿಡಿಯುವ ಮೊದಲೇ ಅವಳು ಹೋದಳು.

ಅಕ್ಕೋರು ಕ್ಲಾಸು ಮುಚ್ಚಿದರು. ಓಣಿಯ ಹುಡುಗಿಯರೆಲ್ಲ ಮತ್ತೆ ಬಾಗಿಲ ಹಿಂದೆ ಸೇರಿಕೊಂಡರು. ನನ್ನ ತಂಗಿಗೆ ಆ ವಯಸ್ಸು ಬರುವಷ್ಟರಲ್ಲಿ ಕುಣಿದು ಹೆಜ್ಜೆ ಹಾಕಲು ಒಂದು ಜಾಗವೇ ಉಳಿದಿರಲಿಲ್ಲ. ಅಕ್ಕೋರು ಆಮೇಲೂ ಬಹಳ ವರ್ಷ ಬದುಕಿದ್ದರು. ಗುಡಿಯಲ್ಲಿ ಸಿಕ್ಕಾಗಲೆಲ್ಲ ನನ್ನ ಕೈ ಹಿಡಿದು, "ಯಾರವಾ, ಸುಧಾ ಏನು? ಜೋರಾಗಿ ಮಾತಾಡವಾ, ನನ್ನ ಕಿವಿ ನಂಬಂಗಿಲ್ಲ," ಎನ್ನುತ್ತಿದ್ದರು.

ಅವರ ಕಿವಿಗೆ ಏನೂ ಆಗಿರಲಿಲ್ಲ. ಅದನ್ನು ಹೇಳುವ ಬದಲು ನಾನು ಪ್ರತಿ ಸಲವೂ ದನಿ ಏರಿಸಿ ಮಾತಾಡಿದೆ.